ಜೇಬಿನಲ್ಲಿ ಉಳಿದ ತಂತಿ

ಪುಟ್ಟಿ,

ಈ ಹೊತ್ತಿಗೆ ನೀನು ಹಾಸ್ಟೆಲ್ ಸೇರಿರುತ್ತೀಯ. ದೆಹಲಿಯಲ್ಲಿ ವಿಮಾನ ಹತ್ತಿದಾಗ ‘ಹತ್ತಿದೆ’ ಅಂತ ಒಂದೇ ಮಾತು ಮೆಸೇಜ್ ಮಾಡಿದ್ದೀಯ, ಅದೂ ಅಮ್ಮನಿಗೆ. ತಪ್ಪಲ್ಲ ಬಿಡು. ಎರಡು ದಿನ ನಾನೂ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ಇದೆಯಾ ಅಂತ ಮೂರು ಸಲ ಕೇಳಿದೆ. ಹೇಳಬೇಕಾದ್ದು ಗಂಟಲಲ್ಲೇ ಉಳಿಯಿತು. ಫೋನ್ ಮಾಡಿದರೆ ಮತ್ತೆ ದನಿ ಏರುತ್ತದೆ ಅಂತ ಬರೆಯುತ್ತಿದ್ದೇನೆ. ಅಮ್ಮ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾಳೆ.

ಜಗಳ ಯಾಕಾಯ್ತು ಅಂತ ಮತ್ತೆ ಬಿಡಿಸಿ ಬರೆಯಲ್ಲ. 2024ರ ಮೇ 17ರ ರಾತ್ರಿ ಕಿರ್ಗಿಸ್ತಾನದ ನಿಮ್ಮ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳಿಗೆ ನುಗ್ಗಿದವಲ್ಲ, ಆವತ್ತು ನೀನು ಫೋನಿನಲ್ಲಿ ‘ಇಲ್ಲೇನೂ ಇಲ್ಲಪ್ಪ, ನಿದ್ದೆ ಬರ್ತಿದೆ’ ಅಂದಿದ್ದೆ. ನಾನು ನಂಬಿ ಮಲಗಿದೆ. ದೀಪ ಆರಿಸಿ, ಬಾಗಿಲಿಗೆ ಮಂಚ ಅಡ್ಡ ಇಟ್ಟು ಬೆಳಗಿನ ತನಕ ಕೂತಿದ್ದಿರಿ ಅನ್ನೋದು ಇಷ್ಟು ದಿನ ಕಳೆದ ಮೇಲೆ ನಿನ್ನ ಗೆಳತಿಯ ತಾಯಿಯಿಂದ ಗೊತ್ತಾಯಿತು. ಯಾಕೆ ಹೇಳಲಿಲ್ಲ ಅಂತ ಕೂಗಾಡಿದೆ. ನೀನು ‘ನೀನೂ ತಂತಿ ಬಚ್ಚಿಟ್ಟವನೇ ಅಲ್ವಾ’ ಅಂದೆ. ಆಮೇಲೆ ನನಗೆ ಮಾತು ಬರಲಿಲ್ಲ.

ಅದಕ್ಕೆ ಬರುತ್ತೇನೆ. ಮೊದಲು ಬೇರೆ ಒಂದು ವಿಷಯ.

ಮೊದಲ ವರ್ಷ ಅಲಾ-ತೋ ಚೌಕದಿಂದ ನೀನೊಂದು ಫೋಟೋ ಕಳಿಸಿದ್ದೆ, ನೆನಪಿದೆಯಾ? ಹಿಂದೆ ಒಂದು ಪ್ರತಿಮೆ. ‘ಯಾರೋ ದೊಡ್ಡ ರೈಟರ್ ಅಂತೆ’ ಅಂದಿದ್ದೆ. ಮಗಳು ಇರುವ ಊರು, ಯಾರು ಅಂತ ತಿಳಿದುಕೊಳ್ಳೋಣ ಅಂತ ಗ್ರಂಥಾಲಯಕ್ಕೆ ಹೋದೆ. ಸೋವಿಯತ್ ಕಾಲದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಚಿಂಗೀಜ್ ಐತ್ಮಾತೊವ್. 1928ರ ಡಿಸೆಂಬರ್ 12ರಂದು ತಲಾಸ್ ಕಣಿವೆಯ ಶೇಕರ್ ಅನ್ನುವ ಹಳ್ಳಿಯಲ್ಲಿ ಹುಟ್ಟಿದವರು. ಜಾನುವಾರು ಸಾಕಣೆ ಓದಿ, ಅದೇ ಕೆಲಸ ಮಾಡುತ್ತ ಕತೆ ಬರೆದರು. 1958ರಲ್ಲಿ ‘ಜಮೀಲಾ’ ಬಂತು. ಫ್ರೆಂಚ್ ಕವಿ ಲೂಯಿ ಅರಗಾನ್ ಅದನ್ನು ಅನುವಾದಿಸಿ, ಜಗತ್ತಿನಲ್ಲೇ ಅತಿ ಸುಂದರವಾದ ಪ್ರೇಮಕತೆ ಅಂದುಬಿಟ್ಟ. 1963ರಲ್ಲಿ ಲೆನಿನ್ ಪ್ರಶಸ್ತಿ. ಕೊನೆಗೆ ಲಕ್ಸೆಂಬರ್ಗ್, ಬ್ರಸೆಲ್ಸ್‌ಗಳಲ್ಲಿ ರಾಯಭಾರಿ. ಇದೆಲ್ಲ ಪ್ರತಿಮೆ ಮಾಡುವವರಿಗೆ ಬೇಕಾದ ವಿಷಯ. ನನ್ನ ಮನಸ್ಸು ಮಾತ್ರ ಒಂದು ರೈಲ್ವೆ ಸ್ಟೇಷನ್ ಬಿಟ್ಟು ಮುಂದಕ್ಕೆ ಹೋಗುವುದೇ ಇಲ್ಲ.

1937. ಮಾಸ್ಕೋದ ಕಜಾನ್ ಸ್ಟೇಷನ್. ಐತ್ಮಾತೊವ್ ಅವರ ಅಪ್ಪ ತೊರೆಕುಲ್ ಕಮ್ಯುನಿಸ್ಟ್ ಪಕ್ಷದ ದೊಡ್ಡ ಕಾರ್ಯಕರ್ತ, ಮಾಸ್ಕೋದಲ್ಲಿ ಓದುತ್ತಿದ್ದ. ಸ್ಟಾಲಿನ್ ಕಾಲದ ಬಂಧನಗಳು ಶುರುವಾಗಿದ್ದವು. ತನ್ನ ಸರದಿ ಬರುತ್ತದೆ ಅಂತ ಅವನಿಗೆ ಗೊತ್ತಾಗಿತ್ತು. ಹೆಂಡತಿ ನಗೀಮಾ, ನಾಲ್ಕು ಮಕ್ಕಳು. ಹಿರಿಯವನಿಗೆ ಎಂಟು ವರ್ಷ, ಕೊನೆಯದು ಕೈಗೂಸು. ಎಲ್ಲರನ್ನೂ ಊರಿಗೆ ರೈಲು ಹತ್ತಿಸಿದ. ತಾನು ಉಳಿದ. ಮಕ್ಕಳು ಮತ್ತೆ ಅವನನ್ನು ನೋಡಲಿಲ್ಲ.

ಆ ಪ್ಲಾಟ್‌ಫಾರ್ಮಿನಲ್ಲಿ ಅವನು ಏನಂದಿರಬಹುದು? ತಿಂಗಳುಗಟ್ಟಲೆ ಇದನ್ನೇ ಯೋಚಿಸಿದ್ದೇನೆ. ಎಂಟು ವರ್ಷದ ಹುಡುಗನಿಗೆ ‘ಇನ್ನು ಸಿಗಲ್ಲ ಮಗನೇ’ ಅನ್ನೋಕಾಗುತ್ತಾ? ಬಹುಶಃ ಟಿಕೆಟ್ ಜೋಪಾನ, ತಂಗಿಯನ್ನು ನೋಡಿಕೋ ಅಂದಿರಬೇಕು. ನಾನು ಪಾಸ್‌ಪೋರ್ಟ್ ಕೇಳಿದ ಹಾಗೆ.

1938ರ ನವೆಂಬರ್ 5ರಂದು ಅವನಿಗೆ ಗುಂಡು ಹಾಕಿದರು. ಮನೆಯವರಿಗೆ ತಿಳಿಸಲಿಲ್ಲ. ಶೇಕರ್‌ನಲ್ಲಿ ಸೋದರತ್ತೆ ಇವರನ್ನು ಸೇರಿಸಿಕೊಂಡಳು. ಜನಶತ್ರುವಿನ ಮಕ್ಕಳು ಅಂತ ಹೆಸರಿತ್ತು. ಆ ಊರಿನ ಮೇಷ್ಟ್ರೊಬ್ಬರು ಹುಡುಗನಿಗೆ ಒಂದು ಮಾತು ಹೇಳಿದರಂತೆ: ಅಪ್ಪನ ಹೆಸರು ಹೇಳುವಾಗ ಯಾವತ್ತೂ ಕಣ್ಣು ಕೆಳಗೆ ಹಾಕಬೇಡ. ಆ ದಿನಗಳಲ್ಲಿ ಇಷ್ಟು ಹೇಳೋಕೆ ಎಂಥ ಧೈರ್ಯ ಬೇಕು!

ಯುದ್ಧ ಬಂತು, ಊರಿನ ಗಂಡಸರೆಲ್ಲ ಹೋದರು. ಹದಿನಾಲ್ಕರ ಹುಡುಗನೇ ಗ್ರಾಮದ ಸೋವಿಯತ್‌ಗೆ, ಅಂದರೆ ಅಲ್ಲಿನ ಪಂಚಾಯಿತಿಗೆ, ಕಾರ್ಯದರ್ಶಿ. ತೆರಿಗೆ ವಸೂಲಿ ಮಾಡಿದ. ಇನ್ನೊಂದು ಕೆಲಸವೂ ಅವನ ಪಾಲಿಗೆ ಬಂತು. ಯುದ್ಧದಲ್ಲಿ ಸತ್ತವರ ಸುದ್ದಿಯ ಚೀಟಿಯನ್ನು ಮನೆಮನೆಗೆ ಮುಟ್ಟಿಸುವುದು. ಅದಕ್ಕೆ ನಿಮ್ಮ ಕಿರ್ಗಿಜ್ ಭಾಷೆಯಲ್ಲಿ ‘ಕರಾ ಕಾಗಜ್’ ಅನ್ನುತ್ತಾರೆ. ಕಪ್ಪು ಕಾಗದ. ನಮ್ಮ ‘ಕರಿ ಕಾಗದ’ ಅಂದ ಹಾಗೇ ಕೇಳುತ್ತೆ, ಅಲ್ವಾ? ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಹೊರಗೆ ಜಗಲಿ ಮೇಲೆ ಕೂತೆ. ಅಮ್ಮ ಬಿ.ಪಿ. ಹೆಚ್ಚಾಯ್ತೇನೋ ಅಂದುಕೊಂಡಳು.

ಈಗ ನನ್ನ ತಂತಿ.

ಮನೆಯಲ್ಲಿ ಅದನ್ನು ನನ್ನ ಪುಣ್ಯದ ಕೆಲಸ ಅಂತ ಹೇಳುತ್ತಾರೆ, ನೀನೂ ಹಾಗೇ ಕೇಳಿ ಬೆಳೆದೆ. ಆಗ ತಂತಿಯ ಸುದ್ದಿ ನಮ್ಮ ಪೋಸ್ಟ್ ಆಫೀಸಿಗೆ ಫೋನಿನಲ್ಲಿ ಬರುತ್ತಿತ್ತು. ಪೋಸ್ಟ್ ಮಾಸ್ಟರ್ ಬರೆದು ಕೊಟ್ಟರೆ ನಾನು ಸೈಕಲ್ ಹತ್ತುವುದು. ಸೈಕಲ್ ಅಂಗಳಕ್ಕೆ ತಿರುಗಿದರೆ ಸಾಕು, ಹೆಂಗಸರು ಓದಿಸುವ ಮೊದಲೇ ಅಳುತ್ತಿದ್ದರು. 1994ರ ಬೇಸಿಗೆ. ಸಂಜೆ ಐದಕ್ಕೆ ಒಂದು ತಂತಿ ಬಂತು. ಆ ಮನೆಯಲ್ಲಿ ಚಪ್ಪರ ಹಾಕಿತ್ತು, ಮಾರನೇ ಬೆಳಿಗ್ಗೆ ಮಗಳ ಧಾರೆ. ಯಜಮಾನರ ಅಕ್ಕ ಶಿವಮೊಗ್ಗದಲ್ಲಿ ತೀರಿಕೊಂಡಿದ್ದರು. ಕೊಟ್ಟರೆ ಸೂತಕ, ಮದುವೆ ನಿಂತುಹೋಗುತ್ತದೆ. ಅವರೇ ಕರೆದು ಪಾನಕ ಕೊಟ್ಟರು. ಕುಡಿದೆ. ಅಂಗಿಯ ಮೇಲಿನ ಜೇಬಿನಲ್ಲಿ ತಂತಿ ಇತ್ತು. ಬಗ್ಗಿದರೆ ಎಲ್ಲಿ ಕಾಣುತ್ತದೋ ಅಂತ ಎದೆ ಮೇಲೆ ಕೈ ಇಟ್ಟುಕೊಂಡೇ ಕುಡಿದೆ. ಮಾರನೇ ದಿನ ಊಟವಾದ ಮೇಲೆ ಕೊಟ್ಟೆ. ಊರೆಲ್ಲ ಹೊಗಳಿತು. ಅವರು ಬೈಯಲಿಲ್ಲ. ‘ಮುಖ ನೋಡಬೇಕಿತ್ತು ಕಣಪ್ಪ, ನನ್ನ ಎತ್ತಿ ಆಡಿಸಿದವಳು’ ಅಂದರು, ಅಷ್ಟೇ. ಅವರು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದನ್ನು ನಿನಗೆ ಯಾರೂ ಹೇಳಿಲ್ಲ, ಯಾಕೆಂದರೆ ನಾನು ಅಮ್ಮನಿಗೂ ಹೇಳಿಲ್ಲ. ಇನ್ನೊಬ್ಬರ ದುಃಖವನ್ನು ಅವರಿಗೆ ಯಾವಾಗ ಕೊಡಬೇಕು ಅಂತ ತೀರ್ಮಾನಿಸೋಕೆ ನಾನು ಯಾರು? ನೀನು ಆ ಮಾತಂದಾಗ ನನಗೆ ಸಿಟ್ಟು ಬರಲಿಲ್ಲ ಪುಟ್ಟಿ. ಅವರ ಮುಖ ಕಣ್ಣೆದುರು ಬಂತು.

ಐತ್ಮಾತೊವ್ 1963ರಲ್ಲಿ ತಾಯಿಯೊಬ್ಬಳ ಯುದ್ಧಕಾಲದ ಕತೆ ಬರೆದರು. ಅದರ ಅರ್ಪಣೆಯಲ್ಲಿ, ಅಪ್ಪಾ, ನಿನ್ನನ್ನು ಎಲ್ಲಿ ಹೂಳಿದರೋ ನನಗೆ ಗೊತ್ತಿಲ್ಲ ಅಂತ ಬರೆದಿದ್ದಾರೆ. ಅಷ್ಟು ದೊಡ್ಡ ಹೆಸರು ಮಾಡಿದ ಮೇಲೂ ಅವರಿಗೆ ಗೊತ್ತಿರಲಿಲ್ಲ. 1957ರಲ್ಲೇ ಸರ್ಕಾರ ತೊರೆಕುಲ್ ನಿರ್ದೋಷಿ ಅಂತ ಒಪ್ಪಿತ್ತು. ಹೆಣ ಎಲ್ಲಿ ಅಂತ ಮಾತ್ರ ಹೇಳಲಿಲ್ಲ. ಆದರೆ ಒಬ್ಬನಿಗೆ ಗೊತ್ತಿತ್ತು. ಬಿಷ್ಕೆಕ್ ಹತ್ತಿರದ ಚೊಂಗ್-ತಾಶ್‌ನಲ್ಲಿ ಆ ಜಾಗ ಕಾಯುತ್ತಿದ್ದವನಿಗೆ. ಹಳೇ ಇಟ್ಟಿಗೆ ಗೂಡಿನೊಳಗೆ ಹೆಣಗಳನ್ನು ಹಾಕಿ ಮುಚ್ಚಿದ್ದರು. ಅವನು ಸಾಯುವ ಮುಂಚೆ ಮಗಳಿಗೆ ಹೇಳಿದ. ಮಗಳೂ ವರ್ಷಗಟ್ಟಲೆ ಬಾಯಿ ಬಿಡಲಾಗಲಿಲ್ಲ. ಕಾಲ ಬದಲಾದ ಮೇಲೆ ಹೇಳಿದಳು. 1991ರಲ್ಲಿ ಅಗೆದಾಗ 137 ಜನರ ಅವಶೇಷ ಸಿಕ್ಕಿತು. ಒಂದು ಬಟ್ಟೆಯೊಳಗೆ ತೊರೆಕುಲ್ ಹೆಸರಿನ ಆರೋಪಪಟ್ಟಿ ಇತ್ತು, ಗುಂಡು ತೂರಿದ ತೂತಿನ ಸಮೇತ. ಆಗ ಮಗನಿಗೆ 62 ವರ್ಷ. ಅಪ್ಪ ಸತ್ತದ್ದು 35ಕ್ಕೆ. ಅಷ್ಟರಲ್ಲಿ ನಗೀಮಾ ತೀರಿಕೊಂಡಿದ್ದರು. ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ ಅನ್ನೋದು ನನಗೆ ತಡೆಯೋಕಾಗಲ್ಲ.

ಆ ಜಾಗಕ್ಕೆ ಈಗ ಅತಾ-ಬೇಯಿತ್ ಅಂತ ಹೆಸರು. ತಂದೆಯರ ಸಮಾಧಿ ಅಂತ ಅರ್ಥ. 2008ರ ಜೂನ್ 10ರಂದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಐತ್ಮಾತೊವ್ ತೀರಿಕೊಂಡಾಗ ಅವರನ್ನೂ ಅಲ್ಲಿಗೇ ತಂದು ಮಣ್ಣು ಮಾಡಿದರು.

ನೋಡು, ನಿನ್ನ ವಿಷಯ ಬಿಟ್ಟು ಎಲ್ಲಿಗೋ ಹೋದೆ. ಆವತ್ತು ನಿಜ ಹೇಳಿದ್ದರೆ ನಾನು ಏನು ಮಾಡಲಾಗುತ್ತಿತ್ತು ಅಂತ ಕೇಳಿದೆಯಲ್ಲ. ಏನೂ ಮಾಡಲಾಗುತ್ತಿರಲಿಲ್ಲ. ಎಚ್ಚರವಾಗಿರುತ್ತಿದ್ದೆ. ನೀವು ಕತ್ತಲಲ್ಲಿ ಕೂತಿದ್ದಷ್ಟು ಹೊತ್ತು ನಾನೂ ಇಲ್ಲಿ ಕೂತಿರುತ್ತಿದ್ದೆ. ಅಷ್ಟೇ ನನಗೆ ಬೇಕಾಗಿತ್ತು.

ಇನ್ನೊಂದೆರಡು ಮಾತು. ಕತ್ತಲಾದ ಮೇಲೆ ಒಬ್ಬಳೇ ಓಡಾಡಬೇಡ. ಹಾಗಂತ ಊರಿನವರನ್ನೆಲ್ಲ ಅನುಮಾನದಿಂದ ನೋಡಬೇಡ. ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿ ನರಳುವುದು ಇಂಗ್ಲಿಷಿನಲ್ಲಲ್ಲ, ರಷ್ಯನ್ ಚೆನ್ನಾಗಿ ಕಲಿ, ನಾಲ್ಕು ಮಾತು ಕಿರ್ಗಿಜ್ ಕೂಡ. ಐತ್ಮಾತೊವ್ ಐದು ವರ್ಷದವರಿದ್ದಾಗ ಬೇಸಿಗೆಯ ಹುಲ್ಲುಗಾವಲಿನಲ್ಲಿ ಒಂದು ಒಳ್ಳೇ ಕುದುರೆ ಸತ್ತಿತಂತೆ. ಬಂದ ಪಶುವೈದ್ಯ ರಷ್ಯನ್ನವನು, ಕುರುಬರಿಗೆ ರಷ್ಯನ್ ಬಾರದು. ಈ ಪುಟಾಣಿ ಮಧ್ಯೆ ನಿಂತು ಇಬ್ಬರ ಮಾತನ್ನೂ ದಾಟಿಸಿದ. ಕುದುರೆ ವಿಷದ ಹುಲ್ಲು ತಿಂದಿತ್ತು ಅಂತ ಗೊತ್ತಾಯಿತು. ಬಹುಮಾನವಾಗಿ ಒಂದು ತುಂಡು ಬೇಯಿಸಿದ ಮಾಂಸ ಕೊಟ್ಟರು. ನೀನೂ ಆರು ವರ್ಷಕ್ಕೇ ಅಜ್ಜಿಯ ಪರವಾಗಿ ಡಾಕ್ಟರ್ ಹತ್ತಿರ ಮಾತಾಡಿದವಳು. ಹೊರದೇಶದಲ್ಲಿ ಓದಿದ ಡಾಕ್ಟರುಗಳು ಇಲ್ಲಿ ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯ ಓದು ಈಗಿನಿಂದಲೇ ಶುರು ಮಾಡು. ಸಾಲದ ಚಿಂತೆ ನಿನಗೆ ಬೇಡ, ಆ ಲೆಕ್ಕ ನನ್ನದು. ನೋಡು, ಬೇಡ ಬೇಡ ಅಂದುಕೊಂಡೂ ಉಪದೇಶ ಶುರು ಮಾಡಿದೆ.

ನನ್ನ ಮಗಳು ಬಿಷ್ಕೆಕ್‌ನಲ್ಲಿ ಡಾಕ್ಟರ್ ಓದುತ್ತಿದ್ದಾಳೆ ಅಂತ ಬಸ್ ಸ್ಟ್ಯಾಂಡಿನಲ್ಲಿ ಕೇಳದವರಿಗೂ ಹೇಳುತ್ತೇನೆ. ನಿನ್ನ ಮುಂದೆ ಯಾವತ್ತೂ ಹೇಳಿಲ್ಲ.

ಕೂಗಾಡಿದ್ದು ತಪ್ಪಾಯಿತು. ಆ ರಾತ್ರಿ ಏನೇನಾಯ್ತು ಅಂತ ಹೇಳಬೇಕು ಅನ್ನಿಸಿದಾಗ ಫೋನ್ ಮಾಡು. ಯಾವ ಹೊತ್ತಾದರೂ ಸರಿ, ನಿಮ್ಮ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆಯಷ್ಟೇ ಮುಂದೆ. ಮಂಚ ಬಾಗಿಲಿಗೆ ತಳ್ಳಿದವರು ಯಾರು, ನೀರಿತ್ತಾ, ನೀನು ಯಾರ ಪಕ್ಕ ಕೂತಿದ್ದೆ, ಎಲ್ಲ ಹೇಳು. ನಾನು ಮಧ್ಯೆ ಬಾಯಿ ಹಾಕಲ್ಲ.

ನಿನ್ನ
ಅಪ್ಪ