ಶನಿವಾರದ ಬೆಂಚು ಖಾಲಿಯಾಗಿದೆ: ಒಂದು ದೇಣಿಗೆ ಮನವಿ

ಹಲಸೂರಿನ ನಮ್ಮ ಶಾಲೆಯ ಜಗಲಿಯಲ್ಲಿ ಒಂದು ಹಳೇ ಬೆಂಚಿದೆ. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ‘ವಕೀಲ್ ತಾತ’ ಜನರ ಕಾಗದಪತ್ರ ನೋಡಿಕೊಡಲು ಅಲ್ಲಿ ಬಂದು ಕೂರುತ್ತಿದ್ದರು. ಹೆಸರು ಹಾಕಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು ಕಂಡರೆ ಅವರಿಗೂ ಆಗುತ್ತಿರಲಿಲ್ಲ. ಈ ಸುತ್ತಿನವರಿಗೆ ಹೇಳಬೇಕಾಗಿಯೂ ಇಲ್ಲ.

1971ರ ಯುದ್ಧದಲ್ಲಿ ಅವರು ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ನಮ್ಮ ಕೆರೆ ಪಕ್ಕದ ಎಂ.ಇ.ಜಿ.ಯಲ್ಲಿ, ಎಳೆಯ ಅಧಿಕಾರಿ. ಪಶ್ಚಿಮ ಗಡಿಯಲ್ಲಿ ನೆಲಬಾಂಬ್ ತೆಗೆದು ದಾರಿ ಮಾಡುವ ಕೆಲಸ. “ಡಿಸೆಂಬರ್ 17ಕ್ಕೆ ಕದನವಿರಾಮ ಆಯಿತು. ಹೂತಿಟ್ಟ ಬಾಂಬಿಗೆ ಅದು ಗೊತ್ತಾಗಬೇಕಲ್ಲ! ಆಮೇಲೂ ಮಂಡಿಯೂರಿ, ಸಲಾಕೆಯಲ್ಲಿ ಮಣ್ಣನ್ನು ಓರೆಯಾಗಿ ಚುಚ್ಚುತ್ತಲೇ ಇದ್ದೆವು” ಎನ್ನುತ್ತಿದ್ದರು.

ಕರಿ ಕೋಟು ತೊಟ್ಟ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಕ್ರಯಪತ್ರವಾಗಲಿ, ಕೈಸಾಲದ ಕರಾರಾಗಲಿ, ಪೆನ್ಸಿಲ್ ಮೊನೆ ಊರಿ ಸಾಲುಸಾಲಾಗಿ ಓದುವುದು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯೊಬ್ಬರು ಸಾಲಕ್ಕೆಂದು ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಿಕೊಟ್ಟು ಬಂದಿದ್ದರು. ಮೊದಲು ಚೆನ್ನಾಗಿ ಗದರಿದರು. ಆಮೇಲೆ ಆರು ಶನಿವಾರ ಅದರ ಬೆನ್ನು ಹತ್ತಿ, ಪೇಪರ್ ವಾಪಸ್ ತರಿಸಿದರು. 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶುರುವಾಗುವ ತನಕ ಸೈನಿಕರ ಪಿಂಚಣಿ ತಕರಾರಿಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಿತ್ತು. ಅಂಥ ಫೈಲು ಹೊತ್ತು ಅಠಾರಾ ಕಚೇರಿಯ, ಅಂದರೆ ಆ ಹೈಕೋರ್ಟಿನ, ಮೆಟ್ಟಿಲು ಹತ್ತಿದ್ದೆಷ್ಟೋ! ಫೀಸು ಕೇಳಿದರೆ, ಪಿಂಚಣಿ ಬಂದಮೇಲೆ ಒಂದು ಕಾಫಿ.

ಸಂಜೆ ಆರಾದರೆ ಫೈಲು ಕಟ್ಟಿಟ್ಟು ಮನೆಗೆ. ಹೆಂಡತಿ ಹಾಸಿಗೆ ಹಿಡಿದಾಗ ತಲೆ ಬಾಚಿ ಜಡೆ ಹಾಕುತ್ತಿದ್ದವರು ಇವರೇ. ಹೆಣ್ಣುಮಕ್ಕಳಿಗೆ ಹಾಕಿ ಹಾಕಿ ಕೈ ಪಳಗಿತ್ತು. ಯುದ್ಧಕಾಲದಲ್ಲಿ ಆಕೆ ‘56 ಎ.ಪಿ.ಓ.’ ಎಂಬ ಸೇನಾ ಅಂಚೆ ವಿಳಾಸಕ್ಕೆ ಬರೆದ ಕಾಗದಗಳು ಮೊನ್ನೆ ಬೀರುವಿನಲ್ಲಿ ಸಿಕ್ಕಿದವಂತೆ, ಕೋರ್ಟ್ ಫೈಲಿನ ಹಾಗೆ ತಾರೀಖಿನ ಪ್ರಕಾರ ಜೋಡಿಸಿ ದಾರ ಕಟ್ಟಿದ್ದು. ಕಡಲೆಕಾಯಿ ಪರಿಷೆಯ ಸೋಮವಾರ ಮಾತ್ರ ಯಾವ ಕಕ್ಷಿದಾರರಿಗೂ ಸಿಗುತ್ತಿರಲಿಲ್ಲ. ಮೊಮ್ಮಕ್ಕಳ ಜೊತೆ ಬಸವನಗುಡಿಯಲ್ಲಿರುತ್ತಿದ್ದರು.

ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಜನ ಈಗಲೂ ಕಾಗದ ಹಿಡಿದು ಬರುತ್ತಾರೆ, ಬೆಂಚು ನೋಡಿ ಹಿಂತಿರುಗುತ್ತಾರೆ.

ಅವರ ಮೂವರು ಜೂನಿಯರ್‌ಗಳು ಸರದಿಯಲ್ಲಿ ಕೂರಲು ಒಪ್ಪಿದ್ದಾರೆ. ಜಗಲಿ ಪಕ್ಕದ ಸೋರುವ ಉಗ್ರಾಣವನ್ನು ರಿಪೇರಿ ಮಾಡಿ ಕೋಣೆ ಮಾಡಬೇಕು. ಬೀರು, ಜೆರಾಕ್ಸ್ ಮೆಷಿನ್ ಬೇಕು. ಅರ್ಜಿ ಬರೆದುಕೊಡುವ ಕಾನೂನು ವಿದ್ಯಾರ್ಥಿಗೆ ವರ್ಷದ ಖರ್ಚು ಕೊಡಬೇಕು. ಒಟ್ಟು 4 ಲಕ್ಷ ರೂಪಾಯಿ. 1 ಲಕ್ಷವನ್ನು ಹೆಣ್ಣುಮಕ್ಕಳೇ ಕೊಟ್ಟಿದ್ದಾರೆ.

ಕೋರ್ಟಿಗೆ ಹೋಗಲೇಬೇಕಾದವರನ್ನು ತಾತ ಮಾಡುತ್ತಿದ್ದಂತೆಯೇ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಚೀಟಿ ಕೊಟ್ಟು ಕಳಿಸುತ್ತೇವೆ. 1987ರ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಇದು ಗೊತ್ತಿಲ್ಲದೆ ಓಲೆ ಅಡವಿಟ್ಟು ಫೀಸು ಕಟ್ಟಿದವರನ್ನು ಈ ಜಗಲಿಯಲ್ಲೇ ಕಂಡಿದ್ದೇವೆ.

ನೂರು ರೂಪಾಯಿಯೂ ಬರಲಿ, ಸಂತೋಷ. 2,000 ರೂಪಾಯಿ ದಾಟಿದರೆ ಚೆಕ್ ಅಥವಾ ಯುಪಿಐ ಮೂಲಕ ಕೊಡಿ, ನಗದಿಗೆ ತೆರಿಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಹೇಗೆ ಕೊಟ್ಟರೂ ಇಲ್ಲ. ಮೊದಲೇ ಹೇಳಿಬಿಡುವುದು ವಾಸಿ. ವಕೀಲರಾದರೆ ತಿಂಗಳಿಗೊಂದು ಶನಿವಾರ ಕೊಡಿ, ಅದೂ ದೇಣಿಗೆಯೇ.

ದಾನಿಗಳ ಹೆಸರಿನ ಕಲ್ಲು ಹಾಕಿಸುವುದಿಲ್ಲ. ಶಾಲೆಯ ಕಚೇರಿಯಲ್ಲಿ ರಸೀದಿ ಕೊಡುತ್ತೇವೆ, ದಯವಿಟ್ಟು ಓದಿ ನೋಡಿಯೇ ತೆಗೆದುಕೊಳ್ಳಿ.

ಕಾರ್ಯದರ್ಶಿ,
ಶಾಲಾ ಟ್ರಸ್ಟ್ ಪರವಾಗಿ