ಮಗಳ ಬಯಾಲಜಿ ಪುಸ್ತಕ ಕೊಳ್ಳುವ ಮುಂಚೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಇಟ್ಟುಬಿಟ್ಟೆ. ಸೆಪ್ಟೆಂಬರಿನಿಂದ ಮಗಳಿಗೆ ಒಂಬತ್ತನೇ ಕ್ಲಾಸು, ಹೋಮ್‌ಸ್ಕೂಲ್ ಮಾಡ್ತೇವೆ, ಬಯಾಲಜಿಗೆ ಯಾವ ಕ್ರಿಶ್ಚಿಯನ್ ಪುಸ್ತಕ ಒಳ್ಳೇದು ಅಂತ ಕೇಳಿದೆ. ಉಳಿದ ಅರ್ಧವನ್ನು ಕೂತು ಬರೆಯಬೇಕು ಅನ್ನಿಸಿತು. ನಮ್ಮ ಹಾಗೆ ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಬೇರೆ ಕನ್ನಡದವರಿಗೂ ಬೇಕಾಗಬಹುದು ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ.

ಮೊದಲು ನನ್ನ ಮಗನ ವಿಷಯ ಹೇಳಬೇಕು. ಅವನಿಗೆ ನಾವು ತಂದ ಪುಸ್ತಕ ವಿಕಾಸವಾದವನ್ನು ಕೆಲವೇ ಪುಟಗಳಲ್ಲಿ ತಪ್ಪು ಅಂತ ಹೇಳಿ ಮುಗಿಸಿತ್ತು. ನಮಗೆ ಅದು ನೆಮ್ಮದಿಯಾಗಿತ್ತು. ಹದಿನೇಳನೇ ವಯಸ್ಸಿಗೆ ಅವನು ಕಮ್ಯುನಿಟಿ ಕಾಲೇಜಿನಲ್ಲಿ ಬಯಾಲಜಿ ತಗೊಂಡ. ಮೊದಲ ತಿಂಗಳೇ ಒಂದು ಸಂಜೆ ಬಂದು ಕೇಳಿದ: "ಅಪ್ಪಾ, ಪಳೆಯುಳಿಕೆ, ಡಿಎನ್‌ಎ, ಇಷ್ಟೆಲ್ಲ ಆಧಾರ ಕೊಡ್ತಾರೆ. ಇದು ಇದೆ ಅಂತಾದರೂ ನನಗೆ ಯಾಕೆ ಹೇಳಲಿಲ್ಲ?" ಅವನ ನಂಬಿಕೆ ಹೋಗಲಿಲ್ಲ, ದೇವರ ದಯೆ. ಆದರೆ ನನ್ನ ಮಾತಿನ ಮೇಲೆ ಅವನಿಗಿದ್ದ ಭರವಸೆ ಮರಳಿ ಬರಲು ತುಂಬ ದಿನ ಹಿಡಿಯಿತು. ಆ ಪ್ರಶ್ನೆ ಈಗಲೂ ನನ್ನ ಎದೆಯಲ್ಲಿದೆ.

ಅದಕ್ಕೇ ಹೇಳ್ತೇನೆ, ಪುಸ್ತಕದ ಮಾತು ಆಮೇಲೆ. ಸೃಷ್ಟಿ, ವಿಕಾಸ ಅನ್ನುವ ಪಾಠ ಬಂದ ದಿನ ಮಗಳ ಎದುರು ಏನು ಹೇಳ್ತೀರಿ ಅಂತ ನೀನು, ಅತ್ತಿಗೆ ಇಬ್ಬರೂ ಮೊದಲು ಮಾತಾಡಿಕೊಳ್ಳಿ.

ಈ ವಿಷಯದಲ್ಲಿ ಕ್ರೈಸ್ತರೆಲ್ಲ ಒಂದೇ ಮಾತು ಹೇಳುವುದಿಲ್ಲ ಅಂತ ನಿನಗೂ ಗೊತ್ತು. ಅಪಾಲೋಜಿಯ, ಅಬೇಕಾ, ಬಿಜೆಯು ಪ್ರೆಸ್ ಅನ್ನುವ ಕ್ರಿಶ್ಚಿಯನ್ ಪ್ರಕಾಶಕರ ಪುಸ್ತಕಗಳು ಭೂಮಿಗೆ ಕೆಲವೇ ಸಾವಿರ ವರ್ಷ ಅನ್ನುವ ಕಡೆಯವು. ದೇವರು ವಿಕಾಸದ ದಾರಿಯಲ್ಲೇ ಸೃಷ್ಟಿಸಿದ ಅನ್ನುವುದು ಬಯೋಲೋಗೋಸ್ ಸಂಸ್ಥೆಯ ನಿಲುವು. ಅದನ್ನು 2007ರಲ್ಲಿ ಶುರು ಮಾಡಿದವರು ಫ್ರಾನ್ಸಿಸ್ ಕಾಲಿನ್ಸ್. ಮನುಷ್ಯನ ಇಡೀ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಓದುವ ಯೋಜನೆಯನ್ನು 2003ರಲ್ಲಿ ಮುಗಿಸಿದಾಗ ಅದರ ಮುಂದಾಳು ಅವರೇ. ಚಿಕ್ಕಂದಿನಲ್ಲಿ ವರ್ಜೀನಿಯಾದ ಮನೆಯಲ್ಲಿ ಅವರಿಗೆ ಪಾಠ ಹೇಳಿದ್ದು ಅವರ ತಾಯಿ. ಇದನ್ನು ಓದಿದ ದಿನ ನನ್ನ ಹೆಂಡತಿಗೆ ಎಷ್ಟು ಧೈರ್ಯ ಬಂತು ಗೊತ್ತಾ!

ನಮ್ಮ ಮಗಳ ಸರದಿ ಬಂದಾಗ ನಾವು ಅಪಾಲೋಜಿಯವನ್ನೇ ಇಟ್ಟುಕೊಂಡೆವು. ಅದು ಓದುವ ಮಗುವಿನ ಜೊತೆ ನೇರವಾಗಿ ಮಾತಾಡುತ್ತದೆ, ಅವಳು ಒಬ್ಬಳೇ ಕೂತು ಓದಬಹುದು. ನಮ್ಮ ಪ್ರತಿಯಲ್ಲಿ ಹದಿನಾರು ಪಾಠ, ಒಂದಕ್ಕೆ ಎರಡು ವಾರ ಅಂದರೆ ಮೂವತ್ತೆರಡು ವಾರ. ಆದರೆ ತಳಿ, ವಿಕಾಸದ ಪಾಠಗಳಿಗೆ ಲೈಬ್ರರಿಯಿಂದ ಮಿಲ್ಲರ್ ಮತ್ತು ಲೆವಿನ್ ಬರೆದ ಪುಸ್ತಕವನ್ನೂ ತಂದೆವು. ಇಲ್ಲಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಅದನ್ನು ತುಂಬ ಕಡೆ ಓದಿಸ್ತಾರೆ. ಕೆನೆತ್ ಮಿಲ್ಲರ್ ಕ್ಯಾಥೊಲಿಕರು. ವಿಕಾಸವನ್ನು ಒಪ್ಪುವವರು ಯಾಕೆ ಒಪ್ಪುತ್ತಾರೆ ಅನ್ನುವುದನ್ನು ಅವರ ಬಾಯಿಂದಲೇ ಕೇಳಲಿ ಅಂತ. ನಾನು ಏನು ನಂಬುತ್ತೇನೆ, ಎಲ್ಲಿ ನನಗೇ ಉತ್ತರ ಸಿಕ್ಕಿಲ್ಲ, ಎರಡನ್ನೂ ಅವಳಿಗೆ ಹೇಳಿದೆ. ಅಂಥ ರಾತ್ರಿ ಊಟ ಮುಗಿದ ಮೇಲೂ ಒಂದು ಗಂಟೆ ಮಾತು ನಡೆಯುತ್ತಿತ್ತು. ನೀವು ಏನನ್ನೇ ನಂಬಿ, ಇದೊಂದನ್ನು ಮಾತ್ರ ಬಿಡಬೇಡಿ ಮಾರಾಯಾ.

ಇನ್ನು ಲೆಕ್ಕ. ಟೆಕ್ಸಾಸಿನಲ್ಲಿ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ನಿಮ್ಮ ನ್ಯೂಯಾರ್ಕಿನಲ್ಲಿ ಹಾಗಲ್ಲ. ಮನೆಯಲ್ಲೇ ಕಲಿಸ್ತೇವೆ ಅಂತ ಜುಲೈ 1ರೊಳಗೆ ಸ್ಕೂಲ್ ಡಿಸ್ಟ್ರಿಕ್ಟಿಗೆ ಪತ್ರ ಕೊಡಬೇಕು. ಆಮೇಲೆ ವರ್ಷದ ಪ್ಲಾನು, ಮೂರು ತಿಂಗಳಿಗೊಂದು ವರದಿ. ವರ್ಷದ ಪಾಠವನ್ನು ಅಳೆಯುವುದು ಯೂನಿಟ್ಟಿನಲ್ಲಿ; ಒಂದು ಯೂನಿಟ್ ಅಂದರೆ 6,480 ನಿಮಿಷ, ಅಂದರೆ 108 ಗಂಟೆ. ಮೂವತ್ತಾರು ವಾರಕ್ಕೆ ಹಂಚಿದರೆ ವಾರಕ್ಕೆ ಮೂರೇ ಗಂಟೆ. ಅದು ಸಾಲದು. ನಾಲ್ಕು ಗಂಟೆ ಇಡು. ರೀಜೆಂಟ್ಸ್ ಅನ್ನುವ ನಿಮ್ಮ ರಾಜ್ಯದ ವಿಜ್ಞಾನ ಪರೀಕ್ಷೆ ಬರೆಯುವ ಮಕ್ಕಳಿಗೆ 1,200 ನಿಮಿಷ ಲ್ಯಾಬ್ ಆಗಿರಬೇಕು. ಅವಳು ಆ ಪರೀಕ್ಷೆ ಬರೆಯದಿದ್ದರೂ ಆ ಇಪ್ಪತ್ತು ಗಂಟೆ ಲ್ಯಾಬನ್ನು ಮಾಡಿಸಿಯೇ ಮಾಡಿಸು. ಮಗನ ವರ್ಷ ನಾವು ಲ್ಯಾಬನ್ನು ನಾಳೆ ನಾಳೆ ಅಂತ ತಳ್ಳಿ ಕೊನೆಗೆ ವಿಡಿಯೋ ತೋರಿಸಿ ಮುಗಿಸಿದೆವು. ಅವನು ಒಂದು ಎರೆಹುಳವನ್ನೂ ಕೊಯ್ದು ನೋಡಲಿಲ್ಲ.

ಪುಸ್ತಕದ ಕ್ರಮಕ್ಕಿಂತ ನಿಮ್ಮ ರೋಚೆಸ್ಟರಿನ ಹವಾಮಾನ ನೋಡಿ ಲ್ಯಾಬ್ ಇಡು. ಕೆರೆ ಹೆಪ್ಪುಗಟ್ಟಿದ ಮೇಲೆ ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿಯನ್ನು ಎಲ್ಲಿಂದ ತರ್ತೀರಿ? ಕೆರೆಯ ನೀರು, ಎಲೆ, ಪಾಚಿ ಎಲ್ಲ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಆಗಲಿ. ಹಿಮ ಬಿದ್ದ ಮೇಲೆ ಒಳಗಿನ ಕೆಲಸ: ಈರುಳ್ಳಿ ಸಿಪ್ಪೆಯ ಕೋಶ, ಕೆನ್ನೆಯ ಒಳಗಿನ ಕೋಶ, ಸ್ಟ್ರಾಬೆರಿಯಿಂದ ಡಿಎನ್‌ಎ ತೆಗೆಯುವುದು. ಮೆಂಡೆಲ್ ಪಾಠಕ್ಕೂ ಅದೇ ಸಮಯ. ಬಟಾಣಿ ಗಿಡ ಬೆಳೆಸಿ ತಳಿಯ ಲೆಕ್ಕ ಹಿಡಿದ ಮೆಂಡೆಲ್ ಒಬ್ಬ ಕ್ರೈಸ್ತ ಸನ್ಯಾಸಿ ಅಂತ ಮಗಳಿಗೆ ಮರೆಯದೆ ಹೇಳು. ಮಾರ್ಚಿನಲ್ಲಿ ನಿಮ್ಮಲ್ಲಿ ಮೇಪಲ್ ಮರದಿಂದ ರಸ ಇಳಿಸ್ತಾರಲ್ವಾ? ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿದರೆ ಮಾತ್ರ ರಸ ಹರಿಯುತ್ತದೆ. ಅವಳನ್ನು ಅಲ್ಲಿ ಕರಕೊಂಡು ಹೋಗಿ ಯಾಕೆ ಹಾಗೆ ಅಂತ ಕೇಳು. ಆಮೇಲೆ ಎರೆಹುಳ, ಮೀನು, ಕಪ್ಪೆಯ ಡಿಸೆಕ್ಷನ್ ಮಾಡಿಸು. ಕಿಟ್ ಮನೆಗೇ ಬರುತ್ತದೆ. ಕಿಟಕಿ ತೆರೆಯುವ ಹವೆ ಇರುವಾಗ ಮಾಡುವುದು ಒಳ್ಳೇದು.

ಚಿತ್ರವನ್ನು ಕೈಯಿಂದಲೇ ಬರೆಸು. ಪಿಯುಸಿಯ ನಮ್ಮ ರೆಕಾರ್ಡ್ ಬುಕ್ ನೆನಪಿದೆಯಾ? ಶೇಡ್ ಮಾಡಬೇಡಿ, ಚುಕ್ಕಿ ಇಡಿ ಅಂತ ಬೈಸಿಕೊಂಡು ಜಿರಳೆಯ ಬಾಯಿಯ ಭಾಗಗಳನ್ನು ಮೂರು ಸಲ ಬರೆದಿದ್ದೆವು. ನನಗೆ ಇವತ್ತಿಗೂ ಆ ಚಿತ್ರ ಕಣ್ಣ ಮುಂದೆ ಇದೆ. ನಮ್ಮ ಮಗಳು ಮೊದಲ ಸಲ ಕೆರೆ ನೀರಿನ ಹನಿ ನೋಡಿ ಬರೆದ ದಿನ ನಾವು ಬೈಬಲಿನ ಕೀರ್ತನೆಗಳು 104 ಓದಿದೆವು. ಸಮುದ್ರದಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳಿವೆ ಅಂತ ಬರುತ್ತದಲ್ಲ, ಆ ಸಾಲಿಗೆ ಬಂದಾಗ ಅವಳೇ ತಲೆ ಎತ್ತಿ ನನ್ನನ್ನು ನೋಡಿದಳು.

ಮೈಕ್ರೋಸ್ಕೋಪಿಗೆ ದುಡ್ಡು ಹಾಕಬೇಡ. ನಮ್ಮದು 400 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಹೈಸ್ಕೂಲಿಗೆ ಅಷ್ಟು ಸಾಕು. ನಮ್ಮ ಮಗಳ ಕೆಲಸ ಮುಗಿದು ಸುಮ್ನೆ ಕೂತಿದೆ. ಶನಿವಾರ ಪ್ಯಾಕ್ ಮಾಡಿ ಕಳಿಸುತ್ತೇನೆ. ಲೆನ್ಸ್ ಒರೆಸುವ ಕಾಗದ ಡಬ್ಬದ ಒಳಗೇ ಇರುತ್ತದೆ, ಬಟ್ಟೆಯಲ್ಲಿ ಒರೆಸಬೇಡಿ.

ಅತ್ತಿಗೆಗೂ ಮಗಳಿಗೂ ನಮ್ಮ ಪ್ರೀತಿ ತಿಳಿಸು.

ನಿನ್ನ ಗೆಳೆಯ