ಆ ಸೊನ್ನೆಯ ವಿಷಯ

ಚಿ. ಪುಟ್ಟಿಗೆ,

ಮಾವನ ಆಶೀರ್ವಾದಗಳು. ನಿನ್ನ ಕಾಗದ ಬುಧವಾರ ಬಂತು. ಮಳೆ, ಅಡಿಕೆ, ನನ್ನ ಮಂಡಿನೋವು ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಮತ್ತೆ ಬರೆಯುವುದಿಲ್ಲ. ನೀನು ಕೆಲಸ ಬಿಟ್ಟು ಯೂಟ್ಯೂಬ್‌ನಲ್ಲಿ ಅಡಿಗೆ ಚಾನೆಲ್ ಶುರು ಮಾಡಿದ ವಿಷಯವನ್ನೂ ಎತ್ತುವುದಿಲ್ಲ. ಅದರ ಬಗ್ಗೆ ಹೇಳುವವರೆಲ್ಲ ಹೇಳಿ ಆಗಿದೆ.

ನನ್ನ ನಿದ್ದೆ ಕೆಡಿಸಿದ್ದು ಮೂರನೇ ಪುಟದ ಕೊನೆಯ ಸಾಲುಗಳು. "ಗೂಗಲ್ ಟ್ರೆಂಡ್ಸ್‌ನಲ್ಲಿ ನೆಕ್ಕರಿಕ ಕುಡಿ ತಂಬುಳಿ ಅಂತ ಹಾಕಿ ನೋಡಿದೆ ಮಾವ, ಸೊನ್ನೆ ಬಂತು. ಅಜ್ಜಿ ಕಲಿಸಿದ್ದನ್ನೆಲ್ಲ ಒಂದೊಂದಾಗಿ ಹಾಕಿದೆ, ಮುಕ್ಕಾಲು ಪಾಲು ಸೊನ್ನೆ. ಯಾರಿಗೂ ಬೇಡದ್ದನ್ನ ಕಲಿತು ಕೂತಿದ್ದೀನಿ ಅನ್ಸತ್ತೆ" ಅಂತ ಬರೆದಿದ್ದೀಯ. ಬೇಲಿಯ ನೆಕ್ಕರಿಕ ಗಿಡದ ಚಿಗುರು ರುಬ್ಬಿ ಮಜ್ಜಿಗೆ ಹಾಕಿ ಮಾಡುವ ಆ ತಂಬುಳಿಗೂ ಸೊನ್ನೆ! ಆ ಸಾಲುಗಳ ಕೆಳಗೆ, ಇನ್ನು ಮೇಲೆ ಪನೀರ್ ಮಸಾಲ, ವೆಜ್ ಬಿರಿಯಾನಿ ಮಾಡ್ತೀನಿ, ಅದಕ್ಕೆ ಲಕ್ಷಗಟ್ಟಲೆ ಹುಡುಕಾಟ ಇದೆ ಅಂತ.

ಬಿರಿಯಾನಿ ಮಾಡು, ನನ್ನದೇನೂ ತಕರಾರಿಲ್ಲ. ಆದರೆ "ಯಾರಿಗೂ ಬೇಡದ್ದು" ಅನ್ನುವ ಮಾತು ಇದೆಯಲ್ಲ, ಅದು ನನಗೆ ಬಹಳ ಹಳೆಯ ಪರಿಚಯದ ಮಾತು. ಲೈಬ್ರರಿಯ ಆ ಮೇಜಿನ ಹಿಂದೆ ಕೂತು ಅದನ್ನು ನಾನು ಎಷ್ಟು ಸಲ ಬರೆದು ಕೆಳಗೆ ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಕಾಗದ.

ಮೊದಲು ನಿನ್ನ ಸೊನ್ನೆಯನ್ನೇ ನೋಡೋಣ. ಯಾವ ಮಾತನ್ನು ಜನ ಎಷ್ಟು ಹುಡುಕುತ್ತಾರೆ ಅಂತ ತೋರಿಸುವ, ನೀನು ಹೇಳಿದ ಆ ಗೂಗಲ್ ಟ್ರೆಂಡ್ಸ್ ಅನ್ನು ನಾನೂ ಎರಡು ರಾತ್ರಿ ಕೂತು ನೋಡಿದೆ. ಮೇಲೆ ವೆಬ್ ಸರ್ಚ್ ಅಂತ ಇರುವ ಕಡೆ ಒತ್ತಿದರೆ ಯೂಟ್ಯೂಬ್ ಸರ್ಚ್ ಅಂತ ಬದಲಾಯಿಸಬಹುದು, ನೀನು ಬದಲಾಯಿಸಿದ್ದೆಯಾ? ಅಲ್ಲಿ ಬರುವ 100 ಅಂದರೆ ನೂರು ಜನ ಅಂತಲ್ಲ. ನಾವು ಆರಿಸಿದ ಊರು, ಆರಿಸಿದ ಅವಧಿಯಲ್ಲಿ ಆ ಪದವನ್ನು ಜನ ಅತಿ ಹೆಚ್ಚು ಹುಡುಕಿದ ಹೊತ್ತಿಗೆ 100 ಅಂತ ಇಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ತೋರಿಸುತ್ತಾರೆ. ಸೊನ್ನೆಗೆ ಏನರ್ಥ ಅಂತ ಅವರೇ ಬರೆದಿದ್ದಾರೆ. ಆ ಪದಕ್ಕೆ ಲೆಕ್ಕ ಹಾಕುವಷ್ಟು ಮಾಹಿತಿ ಸಿಗಲಿಲ್ಲ, ಅಷ್ಟೇ. ಹತ್ತು ಜನ ಹುಡುಕಿದ್ದರೂ ಅಲ್ಲಿ ಸೊನ್ನೆಯೇ ಬರಬಹುದು. ನಮ್ಮ ಸಂತೆಯಲ್ಲಿ ಕಾಲು ಕೇಜಿಗಿಂತ ಕಡಿಮೆ ಇದ್ದರೆ ತಕ್ಕಡಿ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ, ನೆನಪಿದೆಯಾ? ಹಾಗಂತ ಚೀಲದಲ್ಲಿ ಮೆಣಸಿನಕಾಯಿ ಇರಲಿಲ್ಲವಾ?

ಇನ್ನೊಂದು ಸಂಗತಿ ಓದಿ ನಾನೇ ಬೆರಗಾದೆ. ದಿನಾಲೂ ತಮ್ಮಲ್ಲಿ ಜನ ಹುಡುಕುವುದರಲ್ಲಿ ಸುಮಾರು ಶೇ. 15ರಷ್ಟು ಹಿಂದೆ ಯಾರೂ ಹುಡುಕದೇ ಇದ್ದದ್ದು ಅಂತ ಗೂಗಲ್‌ನವರೇ ಹೇಳುತ್ತಾ ಬಂದಿದ್ದಾರೆ. ಅಂದರೆ ನಿನ್ನೆಯವರೆಗೆ ಸೊನ್ನೆ ಇದ್ದದ್ದನ್ನು ಇವತ್ತು ಯಾರೋ ಕೇಳುತ್ತಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ತುಡುವೆ ಜೇನಿನ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಿನ್ನ ಅತ್ತೆಗೂ ಪೂರ್ತಿ ಗೊತ್ತಿಲ್ಲ.

ಪುಸ್ತಕದ ಕೊನೆಯ ರಟ್ಟಿಗೆ ತಾರೀಕಿನ ಚೀಟಿ ಅಂಟಿಸಿರುತ್ತಿದ್ದೆವು. ಯಾರಾದರೂ ತೆಗೆದುಕೊಂಡು ಹೋದಾಗಲೆಲ್ಲ ಒಂದು ಮುದ್ರೆ. ಜಾಗ ಸಾಲದೇ ಹೋದಾಗ ಮುದ್ರೆಯೇ ಬೀಳದ ಪುಸ್ತಕಗಳನ್ನು ಆರಿಸಿ ಪಟ್ಟಿ ಮಾಡಿ ರದ್ದಿಗೆ ಹಾಕಬೇಕು. 1990ರಲ್ಲಿ ಆ ಪಟ್ಟಿ ಮಾಡಿದವನು ನಾನು. ಜೇನು ಸಾಕಣೆಯ ಒಂದು ತೆಳ್ಳಗಿನ ಪುಸ್ತಕ ಅದರಲ್ಲಿತ್ತು. ಹೆಸರು ಪೂರ್ತಿ ನೆನಪಿಲ್ಲ, "ಮಧುಮಕ್ಷಿಕೆ" ಅಂತ ಶುರುವಾಗುತ್ತಿತ್ತು. ಚೀಟಿ ಬೋಳು. ಒಂದೇ ಒಂದು ಮುದ್ರೆ ಇಲ್ಲ. ಯಾರಿಗೂ ಬೇಡದ್ದು ಅಂತ ಹಾಕಿಬಿಟ್ಟೆ.

1992ರ ಮಳೆಗಾಲ ಮುಗಿಯುವ ಹೊತ್ತಿಗೆ ಘಟ್ಟದ ಕಡೆಯವರೊಬ್ಬರು ಬಂದರು. ಥಾಯ್ ಸ್ಯಾಕ್‌ಬ್ರೂಡ್ ಅಂತ ಒಂದು ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನುಗೂಡುಗಳು ಬಹುಪಾಲು ಹಾಳಾದ ಕಾಲ ಅದು. ಆಗ ನಮಗೆ ಅದರ ಹೆಸರೂ ತಿಳಿದಿರಲಿಲ್ಲ. ಮರಿಹುಳಗಳು ಚೀಲದ ಹಾಗೆ ಊದಿಕೊಂಡು ಸಾಯುತ್ತಿವೆ, ತುಡುವೆ ಪುಸ್ತಕ ಏನಾದರೂ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಅವರು ಸಿಟ್ಟಾಗಲಿಲ್ಲ. "ನಾಲ್ಕು ವರ್ಷದ ಹಿಂದೆ ಕೇಳಿದಾಗಲೂ ನೀವೇ ಇಲ್ಲ ಅಂದಿದ್ರಿ" ಅಂತ ಹೇಳಿ ಕೊಡೆ ಬಿಚ್ಚಿಕೊಂಡು ಹೊರಟರು.

ನಾಲ್ಕು ವರ್ಷದ ಹಿಂದೆ ಆ ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು ಪುಟ್ಟಿ. ಅವರು ಕೇಳಿದ್ದು ತುಡುವೆ. ಪುಸ್ತಕ ಹುಡುಕಲು ಇಟ್ಟ ಕಾರ್ಡಿನಲ್ಲಿ ನಾನು ಬರೆದಿಟ್ಟದ್ದು ಮಧುಮಕ್ಷಿಕೆ. ಕೇಳುವವರೂ ಇದ್ದರು, ಪುಸ್ತಕವೂ ಇತ್ತು, ಚೀಟಿಯಲ್ಲಿ ಮಾತ್ರ ಸೊನ್ನೆ.

ಪುಸ್ತಕ ಸಿಕ್ಕಿದ್ದರೆ ಹುಳ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆ ವರ್ಷ ತಿಳಿದವರ ಗೂಡೂ ಖಾಲಿಯಾಯಿತು. ಆದರೂ ಆ ಕೊಡೆ ಬಿಚ್ಚಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ನಮ್ಮ ಗ್ರಂಥಾಲಯ ವಿದ್ಯೆಯ ಗುರು ಅಂದರೆ ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಪರೀಕ್ಷೆಗೆ ಬಾಯಿಪಾಠ ಮಾಡಿ ಮಾರ್ಕು ತೆಗೆದುಕೊಂಡೆ. ಮೂರನೆಯದನ್ನು ಕಾಪಾಡುವ ಕೆಲಸ ನನ್ನದೇ ಅಂತ ಹೊಳೆದದ್ದು ಆ ಪಟ್ಟಿಗೆ ಸಹಿ ಹಾಕಿ ಎರಡು ವರ್ಷ ಆದ ಮೇಲೆ.

ಈಗ ನಿನ್ನ ಕಡೆಗೆ ಬರುತ್ತೇನೆ. ನೀನು "ನೆಕ್ಕರಿಕ ಕುಡಿ ತಂಬುಳಿ" ಅಂತ ಪೂರ್ತಿ ಹೆಸರು ಹಾಕಿದೆ. ಆ ಹೆಸರು ಗೊತ್ತಿದ್ದವರಿಗೆ ಮಾಡುವುದೂ ಗೊತ್ತಿರುತ್ತದೆ, ಅವರು ಯಾಕೆ ಹುಡುಕುತ್ತಾರೆ? ಗೊತ್ತಿಲ್ಲದವರು ಬೇರೆ ಏನೋ ಕೇಳುತ್ತಿರುತ್ತಾರೆ. ಹೊಟ್ಟೆ ಕೆಟ್ಟಿದೆ, ಊಟಕ್ಕೆ ಏನು ಮಾಡಲಿ ಅಂತ. ಬೇಲಿ ಮೇಲೆ ನೇರಳೆ ಬಣ್ಣದ ಹೂ ಬಿಟ್ಟಿದೆ, ಹಣ್ಣು ತಿಂದರೆ ನಾಲಿಗೆ ಕಪ್ಪಾಗುತ್ತೆ, ಯಾವ ಗಿಡ ಅಂತ. (ತಂಬುಳಿ ಕುಡಿದರೆ ಕಾಯಿಲೆ ಗುಣ ಆಗುತ್ತೆ ಅಂತ ಮಾತ್ರ ಹೇಳಬೇಡ. ಹೊಟ್ಟೆಗೆ ತಂಪು ಅಂದರೆ ಸಾಕು.)

ಪತ್ರೊಡೆಯೂ ಹಾಗೇ. ಪತ್ರೊಡೆ ಮಾಡುವ ವಿಧಾನ ಅಂತ ವಿಡಿಯೋ ಬೇಕಾದಷ್ಟು ಇವೆ. ಆದರೆ ಮೊದಲ ಸಲ ಮಾಡಿದವರು ತಿಂದ ಮೇಲೆ ಕೇಳುವ ಪ್ರಶ್ನೆಯೇ ಬೇರೆ. ಬಾಯಿ ಯಾಕೆ ತುರಿಸುತ್ತಿದೆ? ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಕೆಸುವಿನ ಎಲೆ ಆರಿಸುವಾಗಲೇ ಅರ್ಧ ಕೆಲಸ ಮುಗಿಸುತ್ತಿದ್ದಳು, ಉಳಿದರ್ಧ ಹುಣಸೆಹುಳಿಯದು. ಅದು ನಿನಗೆ ಗೊತ್ತು. ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಅದೂ ಅಷ್ಟೆ. ಹಸಿಯಾಗಿ ತಿಂದರೆ ವಿಷ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ ಮೂರು ದಿನ ಇಡಬೇಕು. ಪೇಟೆಯಲ್ಲಿ ಕೊಂಡು ತಂದವರಿಗೆ ಮೊದಲು ಬೇಕಾದದ್ದು ಆ ಲೆಕ್ಕ, ಪಲ್ಯ ಆಮೇಲೆ. ಕೊಡಗಿನವರು ಅದನ್ನು ಬೈಂಬಳೆ ಅನ್ನುತ್ತಾರೆ, ತುಳುವಿನಲ್ಲಿ ಕಣಿಲೆ. ನಮ್ಮ ಒಂದೆಲಗ ತುಳುವಿನಲ್ಲಿ ತಿಮರೆ, ಬೆಂಗಳೂರಿನ ಅಂಗಡಿಯಲ್ಲಿ ಬ್ರಾಹ್ಮಿ. ಯಾವ ಹೆಸರಿಗೆ ಸೊನ್ನೆ ಬಂತು ಅಂತ ನೀನು ಬರೆದಿಲ್ಲ.

ಮತ್ತೆ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ ಹೊಡೆಯುತ್ತಾರಲ್ಲ. ತಂಬುಳಿಯನ್ನು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲೇ ನಾಲ್ಕು ಥರ ಬರೆದಿದ್ದಾರೆ, ಹಿಂದೆ ಹೋಗಿ ನೋಡು. ನೀನು ಕನ್ನಡದಲ್ಲಿ ಮಾತ್ರ ಹಾಕಿ ನೋಡಿದ್ದರೆ ಆ ಸೊನ್ನೆ ಅರ್ಧ ಸೊನ್ನೆ.

ಹೀಗೆ ಮಾಡು ಅಂತ ಹೇಳಲು ನನಗೇನು ಅಧಿಕಾರವಿದೆ? ನಾನು ಒಂದು ವಿಡಿಯೋ ಮಾಡಿದವನಲ್ಲ. ಆದರೂ ಹೇಳಿಬಿಡುತ್ತೇನೆ, ತಪ್ಪಿದ್ದರೆ ಬಿಡು. ಯೂಟ್ಯೂಬ್ ಹುಡುಕುವ ಜಾಗದಲ್ಲಿ "ಕಳಲೆ" ಅಂತ ಹೊಡೆದು, ಸ್ವಲ್ಪ ಜಾಗ ಬಿಟ್ಟು, ಅ ಹಾಕು, ಆ ಹಾಕು, ಕ ಹಾಕು. ಕೆಳಗೆ ತಾನಾಗಿ ಬರುವ ಸಾಲುಗಳು ಜನ ಕೇಳಿದ ಪ್ರಶ್ನೆಗಳ ಜಾಡು. ನಿನ್ನ ಹಳೆಯ ಹುಡುಕಾಟ ಅದರಲ್ಲಿ ಬೆರೆಯದಿರಲಿ ಅಂದರೆ ಇನ್‌ಕಾಗ್ನಿಟೋದಲ್ಲಿ ನೋಡಬೇಕಂತೆ, ಪಕ್ಕದ ಮನೆ ಹುಡುಗ ಹೇಳಿದ. ಅವನೇ ಇನ್ನೊಂದು ತೋರಿಸಿದ. ನಿನ್ನ ಚಾನೆಲ್ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ ಟ್ರಾಫಿಕ್ ಸೋರ್ಸ್ ಅಂತ ಇದೆಯಲ್ಲ, ಅದರಲ್ಲಿ ಯೂಟ್ಯೂಬ್ ಸರ್ಚ್ ಒತ್ತಿದರೆ ಯಾವ ಮಾತು ಹೊಡೆದು ಜನ ನಿನ್ನ ವಿಡಿಯೋಕ್ಕೆ ಬಂದರು ಅಂತ ಪಟ್ಟಿ ಬರುತ್ತದೆ. ಅವನ ಚಾನೆಲ್ ಬೈಕ್ ರಿಪೇರಿಯದು. ತಾನು ಶೀರ್ಷಿಕೆಯಲ್ಲಿ ಇಟ್ಟ ಮಾತು ಒಂದು, ಜನ ಬಂದ ಮಾತು ಇನ್ನೊಂದು ಅಂತ ನಗುತ್ತಿದ್ದ. ನಾನು ನಗಲಿಲ್ಲ.

ನನಗೆ ಅಂಥ ಪಟ್ಟಿ ಇರಲಿಲ್ಲ, ಆದರೆ ಜನ ಎದುರಿಗೇ ನಿಂತು ಕೇಳುತ್ತಿದ್ದರು. ಬಾವಿಗೆ ನೀರು ನೋಡೋ ಪುಸ್ತಕ. ಗಂಡುಮಗುವಿಗೆ ಹೆಸರಿಡೋ ಪುಸ್ತಕ. ಮೊನ್ನೆ ಇಲ್ಲೇ ಇತ್ತಲ್ಲ, ಕೆಂಪು ರಟ್ಟಿನದು. ಎರಡು ರೂಪಾಯಿಯ ಒಂದು ನೋಟ್‌ಬುಕ್ ಇಟ್ಟು ಕೇಳಿದ್ದನ್ನು ಕೇಳಿದ ಹಾಗೇ ಬರೆದಿಟ್ಟಿದ್ದರೆ! ಮನೆಗೆ ಸಾಮಾನು ಬರೆದಷ್ಟು ಜತನದಿಂದಲೂ ನಾನು ಅದನ್ನು ಬರೆಯಲಿಲ್ಲ. ನಿನಗೆ ಕಾಮೆಂಟಿನಲ್ಲಿ, ಫೋನಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಅವರ ಮಾತಿನಲ್ಲೇ ಬರೆದುಕೋ. ತಿದ್ದಬೇಡ.

ಹಾಂ, ಕಾಲದ ವಿಷಯ. ಟ್ರೆಂಡ್ಸ್‌ನಲ್ಲಿ ಐದು ವರ್ಷದ ಗೆರೆ ಹಾಕಿ ನೋಡು. ಕಳಲೆ ಮಳೆಗಾಲದ್ದು, ಮಿಡಿ ಉಪ್ಪಿನಕಾಯಿ ಬೇಸಿಗೆಯದು, ಅವರೆಕಾಯಿ ಚಳಿಗಾಲದ್ದು. ಸುಗ್ಗಿ ಬರುವ ಎರಡು ಮೂರು ವಾರ ಮೊದಲೇ ವಿಡಿಯೋ ಹಾಕಿಟ್ಟಿರಬೇಕೇನೋ. ನೀನು ಮಾರ್ಚಿನಲ್ಲಿ ಕಳಲೆ ಹುಡುಕಿ ಸೊನ್ನೆ ಅಂತ ಅತ್ತರೆ ನಾನೇನು ಹೇಳಲಿ.

ಸುಳ್ಳು ಸಮಾಧಾನ ಹೇಳಬಾರದು. ಕೆಲವು ಸೊನ್ನೆ ನಿಜವಾಗಿಯೂ ಸೊನ್ನೆಯೇ. ಎಷ್ಟು ಹೆಸರು ಬದಲಾಯಿಸಿದರೂ ಯಾರೂ ಬರದ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಬಾಡಿಗೆ ಕಟ್ಟಬೇಕಾದವಳು ಅಂಥದ್ದನ್ನೇ ನೆಚ್ಚಿಕೊಂಡು ಕೂರಲು ಆಗುವುದಿಲ್ಲ. ಅದಕ್ಕೇ ಬಿರಿಯಾನಿ ಬೇಡ ಅನ್ನಲಿಲ್ಲ. ಆದರೆ ಲಕ್ಷ ಜನ ಹುಡುಕುವ ಕಡೆ ಸಾವಿರಾರು ವಿಡಿಯೋ ಮೊದಲೇ ಸಾಲಾಗಿ ನಿಂತಿವೆ. ಆ ಸಾಲಿನ ಬಾಲದಲ್ಲಿ ನಿಂತವರಿಗೆ ಬರುವುದೂ ಹೆಚ್ಚುಕಡಿಮೆ ಇದೇ ಸೊನ್ನೆ ಅಲ್ವಾ?

ಬರೆಯಬಾರದು ಅಂದುಕೊಂಡದ್ದನ್ನು ಬರೆಯುತ್ತಿದ್ದೇನೆ. ಅಮ್ಮ ಇದ್ದ ಅಷ್ಟೂ ವರ್ಷ ನಾನು ಅವಳನ್ನು ಒಂದು ಸಲವೂ ಇದನ್ನು ಹೇಗೆ ಮಾಡ್ತೀಯ ಅಂತ ಕೇಳಲಿಲ್ಲ. ತಟ್ಟೆಗೆ ಬರುತ್ತಿತ್ತು, ಸುಮ್ನೆ ಉಣ್ಣುತ್ತಿದ್ದೆ. ಯಾರಾದರೂ ಆಗ ಲೆಕ್ಕ ಹಾಕಿದ್ದರೆ ಸ್ವಂತ ಮಗನ ಕಡೆಯಿಂದಲೂ ಸೊನ್ನೆಯೇ ಬರುತ್ತಿತ್ತು. ಅವಳ ಹಿಂದೆ ಹಿಂದೆ ತಿರುಗಿ ಕೇಳಿದವಳು ನೀನೊಬ್ಬಳು. ನಿನ್ನ ಅಮ್ಮನೂ ಅಲ್ಲ, ನಾನೂ ಅಲ್ಲ. ಆಗ ನಾವೆಲ್ಲ ನಿನ್ನನ್ನು ಅಡಿಗೆಮನೆ ಬೆಕ್ಕು ಅಂತ ಆಡಿಕೊಂಡೆವು.

ಕಾಗದ ಉದ್ದವಾಯಿತು, ಕಣ್ಣು ಸೋತಿದೆ. ಒಂದು ಕೆಲಸ ಉಳಿದಿದೆ. ನಿನ್ನ ಕಾಗದ ಓದಿದ ಮೇಲೆ ಹಿತ್ತಲ ಬೇಲಿಯಿಂದ ಒಂದು ಹಿಡಿ ಕುಡಿ ಕೊಯ್ದು ತಂದೆ. ನಿನ್ನ ಅತ್ತೆ ತವರಿನಲ್ಲಿ ಅದಕ್ಕೆ ನೆಕ್ಕರೆ ಅನ್ನುತ್ತಾರಂತೆ. ರುಬ್ಬಿ, ಮಜ್ಜಿಗೆ ಹಾಕಿ ತಂಬುಳಿ ಮಾಡಿದಳು. ಒಗರು, ಬಾಯಿಗೆ ಇಡಲು ಆಗಲಿಲ್ಲ. ಕುಡಿಯನ್ನು ಮೊದಲು ತುಪ್ಪದಲ್ಲಿ ಬಾಡಿಸಬೇಕಾ? ಜೀರಿಗೆ ಎಷ್ಟು, ಮೆಣಸು ಎಷ್ಟು? ಕಾಯಿತುರಿ ಅಮ್ಮ ಹಾಕುತ್ತಿದ್ದಳಲ್ಲವಾ? ಬೇಗ ಬರೆ. ಕುಡಿ ಇನ್ನೂ ಸ್ವಲ್ಪ ಉಳಿದಿದೆ, ನೀರಲ್ಲಿ ಹಾಕಿಟ್ಟಿದ್ದೇನೆ.

ನಿನ್ನ
ಮಾವ